ಮೂರು ಗಂಟೆಯೋ, ನಾಲ್ಕು ದಿನವೋ: ಹಾಸನ, ಚಿಕ್ಕಮಗಳೂರಿನ ಮಕ್ಕಳಿಗೆ ಯಾವ ಕ್ರಿಕೆಟ್?

ನಾನು ಮನಸ್ಸಿಟ್ಟು ನೋಡಿದ ಎರಡು ಫೈನಲ್‌ಗಳು 6 ರನ್ ಅಂತರದಲ್ಲೇ ಮುಗಿದವು. ಒಂದು, 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ನಡೆದ ಕರ್ನಾಟಕ–ಮುಂಬೈ ನಡುವಿನ, ರಾಜ್ಯ ತಂಡಗಳ ರಣಜಿ ಟ್ರೋಫಿ ಫೈನಲ್. ಕೊನೆಯ ದಿನ ಹಾಸನದಿಂದ ಮೊದಲ ಬಸ್ಸು ಹಿಡಿದು, ಹೊಳೆನರಸೀಪುರ, ಕೆ.ಆರ್. ನಗರ ದಾಟಿ ಮೈದಾನ ಮುಟ್ಟುವ ಹೊತ್ತಿಗೆ ಕೂರಲು ಜಾಗವಿರಲಿಲ್ಲ. ಮರದ ಮೇಲೂ ಜನ. ಮೊದಲ ಇನಿಂಗ್ಸ್‌ನಲ್ಲಿ 130ಕ್ಕೆ ಮಗುಚಿಕೊಂಡಿದ್ದ ನಮ್ಮ ತಂಡ ಎರಡನೆಯದರಲ್ಲಿ 338ರ ಬೆನ್ನು ಹತ್ತಿತ್ತು. ಮನೀಶ್ ಪಾಂಡೆ 144 ಹೊಡೆದರು. ಗೆಲುವು ಕೈಗೆ ಬಂದೇ ಬಿಟ್ಟಿತು ಅನ್ನುವಷ್ಟರಲ್ಲಿ ವಿಕೆಟ್‌ಗಳು ಉದುರಿ 331ಕ್ಕೆ ಆಟ ಮುಗಿಯಿತು. ಇನ್ನೊಂದು, 2025ರ ಜೂನ್ 3ರ ರಾತ್ರಿಯ ಐಪಿಎಲ್ ಫೈನಲ್. ಆರ್‌ಸಿಬಿ 190, ಪಂಜಾಬ್ 184. ಹದಿನೆಂಟು ವರ್ಷ ಕಾದ ಕಪ್ಪು ಬಂತು, ನಮ್ಮ ಬೀದಿಯಲ್ಲಿ ಮಧ್ಯರಾತ್ರಿವರೆಗೆ ಪಟಾಕಿ.

ಎರಡೂ ನನಗೆ ಬೇಕು. ಹದಿನೈದು ವರ್ಷ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಆಡಿದವನು ನಾನು. ಈಗ ಶನಿವಾರ, ಭಾನುವಾರ ಹಾಸನದಲ್ಲಿ ಮಕ್ಕಳಿಗೆ ಲೆದರ್ ಬಾಲ್ ಆಟ ಹೇಳಿಕೊಡುತ್ತೇನೆ. ಆ ಜೂನ್ ಆದಮೇಲೆ ಮಕ್ಕಳನ್ನು ಕರೆದುಕೊಂಡು ಬರುವ ಅಪ್ಪ ಅಮ್ಮಂದಿರು ಹೆಚ್ಚಾಗಿದ್ದಾರೆ, ಮಾತು ಮಾತ್ರ ಒಂದೇ.

"ಸಾರ್, ನಮ್ ಹುಡುಗನ್ನ ಐಪಿಎಲ್ ಲೆವೆಲ್‌ಗೆ ರೆಡಿ ಮಾಡ್ಬೇಕು. ಸಿಕ್ಸ್ ಹೊಡೆಯೋದ್ ಹೇಳ್ಕೊಟ್ರೆ ಸಾಕು."

"ಎಷ್ಟನೇ ಕ್ಲಾಸಣ್ಣ?"

"ಆರನೇ ಕ್ಲಾಸು."

ಅಂಥವರಿಗೆ ಮೈದಾನದ ಅಂಚಿನಲ್ಲಿ ನಿಂತು ಹತ್ತು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾವ ಮಗುವಿಗೆ, ಯಾವ ವಯಸ್ಸಿಗೆ, ಯಾವ ಆಟ ಅನ್ನುವುದು ಒಂದೇ ಉತ್ತರದಲ್ಲಿ ಮುಗಿಯುವುದಿಲ್ಲ.

ನಮ್ಮೂರಿನ ಚಿಕ್ಕ ಆಟ, ದೊಡ್ಡ ಆಟ

ಟಿವಿಯಲ್ಲಿ 20 ಓವರಿನ ಟಿ20 ಒಂದು ಕಡೆ, ಐದು ದಿನದ ಟೆಸ್ಟ್ ಇನ್ನೊಂದು ಕಡೆ. ನಮ್ಮಲ್ಲಿ ಹಾಗಿಲ್ಲ. ಹಾಸನ, ಸಕಲೇಶಪುರ, ಬೇಲೂರು, ಮೂಡಿಗೆರೆ, ಕೊಪ್ಪ ಎಲ್ಲಿ ಹೋದರೂ ಚಿಕ್ಕ ಆಟ ಎಂದರೆ ಆರು ಓವರ್, ಎಂಟು ಓವರಿನ ಟೆನಿಸ್ ಬಾಲ್ ಟೂರ್ನಿ. ಕಂಬಕ್ಕೆ ಕಟ್ಟಿದ ಲೈಟು, ಮೈಕಿನಲ್ಲಿ ಕಾಮೆಂಟರಿ, ಶಾಮಿಯಾನದ ಕೆಳಗೆ ಮೇಜಿನ ಮೇಲೆ ಸಾಲಾಗಿ ಕಪ್ಪುಗಳು. ಒಂದೇ ರಾತ್ರಿ ನಾಲ್ಕೈದು ಪಂದ್ಯ. ಈ ಆಟದ ಮೇಲೆ ನನಗೆ ಪ್ರೀತಿ ಇದೆ. ಊರಿನ ಹುಡುಗರು ಒಟ್ಟಾಗುವುದೇ ಅಲ್ಲಿ. ತೋಟದ ಕೆಲಸ ಮುಗಿಸಿ ಬಂದವನು, ಕಾಲೇಜಿಗೆ ಹೋಗುವವನು, ಗ್ಯಾರೇಜಿನವನು ಎಲ್ಲರೂ ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು ನಿಲ್ಲುತ್ತಾರೆ.

ದೊಡ್ಡ ಆಟ ಎಂದರೆ ಲೆದರ್ ಬಾಲ್. ತೆಂಗಿನ ನಾರಿನ ಮ್ಯಾಟ್ ಮೇಲೋ, ಪುಣ್ಯವಿದ್ದರೆ ಹುಲ್ಲು ಮಣ್ಣಿನ ಟರ್ಫ್ ಪಿಚ್ ಮೇಲೋ, 30 ಓವರ್, 50 ಓವರ್ ಅಥವಾ ದಿನಗಟ್ಟಲೆ. ಇದಕ್ಕೆ ಮೈದಾನ ಬೇಕು, ಪ್ಯಾಡು, ಗ್ಲೌಸು, ಹೆಲ್ಮೆಟ್ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಬಿಡುವು ಬೇಕು.

ಬಿಡುವಿನ ವಿಷಯದಲ್ಲಿ ಮಲೆನಾಡು ತುಂಬಾ ಕಟ್ಟುನಿಟ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮ್ಯಾಟ್ ಬಿಚ್ಚುವ ಮಾತೇ ಇಲ್ಲ. ನವೆಂಬರ್ ಹೊತ್ತಿಗೆ ನೆಲ ಗಟ್ಟಿಯಾಗುತ್ತದೆ, ಅದೇ ಹೊತ್ತಿಗೆ ಕಾಫಿ ಕುಯ್ಲು ಶುರು. ಅರೇಬಿಕಾ ಮುಗಿಯುತ್ತಲೇ ರೋಬಸ್ಟಾ. ತೋಟದ ಮನೆಗಳಲ್ಲಿ ಆಗ ಮಕ್ಕಳನ್ನು ಮೈದಾನಕ್ಕೆ ಕರೆತರಲು ದೊಡ್ಡವರಿಗೆ ಪುರಸೊತ್ತಿಲ್ಲ. ಕುಯ್ಲು ಇಳಿಯುವ ಹೊತ್ತಿಗೆ ಪರೀಕ್ಷೆ. ಹೀಗಾಗಿ ನಮ್ಮ ಕಡೆ ಎರಡು ದಿನ ಪೂರ್ತಿ ಆಡುವ ಪಂದ್ಯ ಸಿಗುವುದೇ ಕಷ್ಟ, ರಾತ್ರಿ ಟೂರ್ನಿ ಸುಲಭ. ಚಿಕ್ಕ ಆಟ ಇಲ್ಲಿ ಬೇರು ಬಿಟ್ಟದ್ದು ಐಪಿಎಲ್ ಬಂದಮೇಲಲ್ಲ. 2008ರ ಏಪ್ರಿಲ್ 18ರಂದು ಬೆಂಗಳೂರಿನಲ್ಲಿ ಐಪಿಎಲ್‌ನ ಮೊದಲ ಪಂದ್ಯದಲ್ಲೇ ಮೆಕಲಮ್ 158 ಹೊಡೆಯುವುದಕ್ಕೆ ಎಷ್ಟೋ ವರ್ಷ ಮೊದಲೇ ನಾವು ಎಂಟು ಓವರ್ ಆಡುತ್ತಿದ್ದೆವು.

ಆಯ್ಕೆಯ ಏಣಿ ಉದ್ದದ ಆಟದ್ದು

ಅಪ್ಪಂದಿರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಹುಡುಗನೊಬ್ಬ ರಾಜ್ಯ ತಂಡಕ್ಕೆ ಹೋಗಬೇಕೆಂದರೆ ದಾರಿ ಯಾವುದು? 16ರೊಳಗಿನವರ ವಿಜಯ್ ಮರ್ಚೆಂಟ್ ಟ್ರೋಫಿ ಮೂರು ದಿನದ ಪಂದ್ಯ. 19ರೊಳಗಿನವರ ಕೂಚ್ ಬೆಹಾರ್ ಟ್ರೋಫಿ ನಾಲ್ಕು ದಿನದ್ದು, ಅದೇ ವಯಸ್ಸಿನವರ ವಿನೂ ಮಂಕಡ್ ಟ್ರೋಫಿ 50 ಓವರಿನದು. ಅಲ್ಲಿಂದ ಮುಂದೆ ಸಿ.ಕೆ. ನಾಯುಡು ಟ್ರೋಫಿ, ಮತ್ತೆ ನಾಲ್ಕು ದಿನ. ರಣಜಿ ಲೀಗ್ ಪಂದ್ಯ ನಾಲ್ಕು ದಿನ, ಕ್ವಾರ್ಟರ್ ಫೈನಲ್‌ನಿಂದ ಮುಂದೆ ಐದು ದಿನ. ಟಿ20ಯ ಸಯ್ಯದ್ ಮುಷ್ತಾಕ್ ಅಲಿ ಟ್ರೋಫಿ ಬರುವುದು ದೊಡ್ಡವರ ತಂಡಕ್ಕೆ ಬಂದಮೇಲೆ. ಹದಿನಾಲ್ಕು ವರ್ಷದ ಹುಡುಗನಿಗೆ ಆರು ಎಸೆತದಲ್ಲಿ ಇಪ್ಪತ್ತು ಹೊಡೆಯುವುದಷ್ಟೇ ಗೊತ್ತಿದ್ದರೆ, ಆಯ್ಕೆಗಾರರ ಮುಂದೆ ಹೊಸ ಚೆಂಡು ಗಾಳಿಯಲ್ಲೇ ಬಾಗಿ ಸ್ವಿಂಗ್ ಆಗುವಾಗ ಅವನು ಎರಡನೇ ಓವರ್ ದಾಟುವುದಿಲ್ಲ.

"ವೈಭವ್ ಸೂರ್ಯವಂಶಿ ಹದಿನಾಲ್ಕಕ್ಕೇ ಐಪಿಎಲ್ ಆಡ್ಲಿಲ್ವಾ ಸಾರ್?" ಎಂದು ಕೇಳುತ್ತಾರೆ. ಆಡಿದ. 2025ರ ಏಪ್ರಿಲ್‌ನಲ್ಲಿ 35 ಎಸೆತಕ್ಕೆ ನೂರು ಹೊಡೆದ. ಆದರೆ ಆ ಹುಡುಗ 2024ರ ಜನವರಿಯಲ್ಲೇ, ಹನ್ನೆರಡನೇ ವಯಸ್ಸಿಗೆ, ಬಿಹಾರದ ಪರ ರಣಜಿ ಆಡಿದ್ದ. ಅದೇ ವರ್ಷ ಚೆನ್ನೈನಲ್ಲಿ ಆಸ್ಟ್ರೇಲಿಯಾದ 19ರೊಳಗಿನವರ ವಿರುದ್ಧ ಬಿಳಿ ಬಟ್ಟೆ ತೊಟ್ಟು 58 ಎಸೆತಕ್ಕೆ ನೂರು ಮಾಡಿದ್ದ. ಹರಾಜಿನಲ್ಲಿ ಅವನ ಹೆಸರು ಬಂದದ್ದು ಅದಾದಮೇಲೆ.

ದೊಡ್ಡ ಆಟ ಕಲಿತವನು ಚಿಕ್ಕ ಆಟಕ್ಕೆ ಇಳಿಯಬಲ್ಲ ಎಂಬುದಕ್ಕೆ ದ್ರಾವಿಡ್ ಸಾಕ್ಷಿ. ಟೆಸ್ಟ್‌ನಲ್ಲಿ 31,258 ಎಸೆತ ಎದುರಿಸಿದವರು, ರಾವಲ್ಪಿಂಡಿಯಲ್ಲಿ 270 ರನ್ನಿಗಾಗಿ ಹನ್ನೆರಡು ಗಂಟೆಗೂ ಮಿಕ್ಕಿ ನಿಂತವರು. ದೇಶದ ಪರ ಆಡಿದ ಒಂದೇ ಒಂದು ಟಿ20, 2011ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ, ಅದರಲ್ಲಿ ಸಾಲಾಗಿ ಮೂರು ಸಿಕ್ಸ್ ಹೊಡೆದರು. ಇದರ ಉಲ್ಟಾ ದಾರಿ, ಹೊಡೆಯುವುದನ್ನೇ ಮೊದಲು ಕಲಿತು ಆಮೇಲೆ ನಿಲ್ಲುವುದನ್ನು ಕಲಿಯುವುದು, ನನ್ನ ಕಣ್ಣೆದುರಿಗೆ ಬಂದ ಮಕ್ಕಳಲ್ಲಿ ಇಬ್ಬರಿಗೋ ಮೂವರಿಗೋ ಮಾತ್ರ ಆಗಿದೆ.

ಆಯ್ಕೆಗೆ ಹೋಗುವವರಿಗೆ ಒಂದು ಕಿವಿಮಾತು. "ಆಲೂರಲ್ಲಿ ಸೆಲೆಕ್ಷನ್" ಎಂದು ಸಂದೇಶ ಬಂದರೆ ಅದು ನಮ್ಮ ಸಕಲೇಶಪುರ ದಾರಿಯ ಆಲೂರಲ್ಲ. ರಾಜ್ಯ ಕ್ರಿಕೆಟ್ ಸಂಸ್ಥೆಯ ಆಲೂರು ಮೈದಾನಗಳಿರುವುದು ಬೆಂಗಳೂರಿನ ಹೊರವಲಯದಲ್ಲಿ. ಹಿಂದಿನ ರಾತ್ರಿಯೇ ಹೊರಟುಬಿಡಿ. ಬೆಳಿಗ್ಗೆ ಹಾಸನದಿಂದ ಹೊರಟು, ಬಸ್ಸಿನಲ್ಲಿ ತೂಕಡಿಸಿ, ಇಳಿದ ತಕ್ಷಣ ಪ್ಯಾಡು ಕಟ್ಟಿ ನಿಂತ ಹುಡುಗ ಚೆನ್ನಾಗಿ ಆಡಿದ್ದನ್ನು ನಾನು ಕಂಡಿಲ್ಲ.

ಚೆಂಡಿನ ತೂಕ, ಮಗುವಿನ ಭುಜ

ಸಾಮಾನ್ಯ ಟೆನಿಸ್ ಚೆಂಡು 60 ಗ್ರಾಂ ಒಳಗೆ. ದೊಡ್ಡವರ ಲೆದರ್ ಚೆಂಡು 156ರಿಂದ 163 ಗ್ರಾಂ. ಹಗುರ ಚೆಂಡಿಗೆ ವೇಗ ಬರಬೇಕಾದರೆ ತೋಳನ್ನು ಬೀಸಿ ಬೀಸಿ ಎಸೆಯಬೇಕು. ಹೊಲಿಗೆ ಇಲ್ಲದ್ದರಿಂದ ಮಣಿಕಟ್ಟು ಎಲ್ಲಿ ನಿಲ್ಲಬೇಕು ಎಂಬುದು ಕೈಗೆ ಗೊತ್ತಾಗುವುದಿಲ್ಲ. ಬ್ಯಾಟಿಂಗಿನಲ್ಲೂ ಹಾಗೇ. ಹೊಟ್ಟೆಯ ಎತ್ತರಕ್ಕೆ ಮೆಲ್ಲಗೆ ಏಳುವ ಚೆಂಡನ್ನು ಕಾಲು ತೆಗೆದು ಲೆಗ್ ಸೈಡಿಗೆ ಎತ್ತುವುದು ಒಳ್ಳೆಯ ಹೊಡೆತವೇ, ಟೆನಿಸ್ ಬಾಲಿಗೆ. ಅದೇ ಹೊಡೆತ ಮ್ಯಾಟ್ ಮೇಲೆ ಲೆದರ್ ಚೆಂಡಿಗೆ ಬಂದರೆ ಬೌಲ್ಡ್, ಇಲ್ಲ ಪಕ್ಕೆಲುಬಿಗೆ ಪೆಟ್ಟು. ಹದಿಮೂರರ ಒಳಗಿನ ಮಕ್ಕಳಿಗೆ ನಿಯಮದಲ್ಲೇ ಬೇರೆ ಚೆಂಡಿದೆ, 133ರಿಂದ 144 ಗ್ರಾಂ. ಅಂಗಡಿಯಲ್ಲಿ ಅದನ್ನೇ ಕೇಳಿ ಕೊಳ್ಳಿ. ದೊಡ್ಡವರ ಚೆಂಡು ಕೊಟ್ಟು ಆರನೇ ಕ್ಲಾಸಿನವನ ಕೈಯಲ್ಲಿ ವೇಗ ಹುಡುಕಬೇಡಿ.

ಚಿಕ್ಕ ಆಟದಲ್ಲಿ ಮೈಗೆ ದಣಿವು ಕಡಿಮೆ ಅನ್ನುವುದು ಅರ್ಧ ನಿಜ. ಟಿ20ಯಲ್ಲಿ ಬೌಲರ್‌ಗೆ 24 ಎಸೆತ, ಅಷ್ಟೇ. ಆದರೆ ನಮ್ಮ ಕಡೆಯ ರಾತ್ರಿ ಟೂರ್ನಿಗಳಲ್ಲಿ ಒಂದು ತಂಡ ಬೆಳಗಾಗುವುದರೊಳಗೆ ಮೂರು ನಾಲ್ಕು ಪಂದ್ಯ ಆಡುತ್ತದೆ, ಚೆನ್ನಾಗಿ ಎಸೆಯುವ ಹುಡುಗನಿಗೆ ಪ್ರತಿ ಪಂದ್ಯದಲ್ಲೂ ಕೊನೆಯ ಓವರ್. ನನ್ನ ಹತ್ತಿರ ಬರುತ್ತಿದ್ದ ಹದಿನಾಲ್ಕರ ಹುಡುಗನೊಬ್ಬನನ್ನು ಹೀಗೇ ಒಂದು ತಂಡದವರು "ಗೆಸ್ಟ್ ಪ್ಲೇಯರ್" ಎಂದು ಕರೆದುಕೊಂಡು ಹೋದರು. ಎರಡು ರಾತ್ರಿ, ಆರು ಪಂದ್ಯ. ಮೂರನೇ ದಿನ ಅವನು ಚಪ್ಪಲಿ ಹಾಕಿಕೊಳ್ಳಲು ಬಗ್ಗಲಾರದೆ ಗೋಡೆ ಹಿಡಿದು ನಿಂತಿದ್ದ. ಬೆನ್ನಿನ ಕೆಳಭಾಗದ ಮೂಳೆಯಲ್ಲಿ ಸಣ್ಣ ಬಿರುಕು ಎಂದರು ಡಾಕ್ಟರು. ಏಳು ತಿಂಗಳು ಚೆಂಡು ಮುಟ್ಟಲಿಲ್ಲ. ಅವನನ್ನು ಕರೆದುಕೊಂಡು ಹೋದವರು ಆಮೇಲೆ ಒಂದು ದಿನವೂ ವಿಚಾರಿಸಲಿಲ್ಲ. ಈ ಮಾತು ಬರೆಯುವಾಗಲೂ ನನಗೆ ಹೊಟ್ಟೆ ಉರಿಯುತ್ತದೆ.

ದೊಡ್ಡ ಆಟವೂ ಮೈ ತಿನ್ನುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ಅರಸೀಕೆರೆ ತಾಲ್ಲೂಕಿನ ಜಾವಗಲ್ ಹೆಸರನ್ನು ಜಗತ್ತಿಗೆಲ್ಲ ಹೇಳಿಕೊಟ್ಟ ವೇಗದ ಬೌಲರ್ ಶ್ರೀನಾಥ್ ಅವರೇ 1997ರಲ್ಲಿ ಭುಜದ ಗಾಯದಿಂದ ತಿಂಗಳುಗಟ್ಟಲೆ ಹೊರಗಿದ್ದರು. ಆದರೆ ಬೆಳಿಗ್ಗೆ ಐದು ಓವರ್ ಎಸೆದು, ಫೈನ್ ಲೆಗ್‌ನಲ್ಲಿ ನಿಂತು ಉಸಿರು ತೆಗೆದುಕೊಂಡು, ಊಟವಾದಮೇಲೆ ಮತ್ತೆ ಬರುವ ಲಯವಿದೆಯಲ್ಲ, ಅದರಲ್ಲಿ ಮಗುವಿನ ಓವರುಗಳನ್ನು ಲೆಕ್ಕ ಇಡಲು ಜಾಗವಿದೆ. ರಾತ್ರಿ ಟೂರ್ನಿಯಲ್ಲಿ ಲೆಕ್ಕ ಇಡುವವರು ಯಾರೂ ಇಲ್ಲ. ಹದಿನಾರು ತುಂಬುವವರೆಗೆ ವೇಗದ ಬೌಲಿಂಗ್ ಮಾಡುವ ಹುಡುಗನನ್ನು ಅಲ್ಲಿಗೆ ಕಳಿಸಬೇಡಿ. ಬ್ಯಾಟ್ ಮಾಡುವವನು ವರ್ಷಕ್ಕೆ ಒಂದೆರಡು ಆಡಿಕೊಂಡು ಬರಲಿ, ತೊಂದರೆ ಇಲ್ಲ.

ಹೆಣ್ಣುಮಕ್ಕಳ ಲೆಕ್ಕವೇ ಬೇರೆ

ಇಲ್ಲಿವರೆಗೆ ಹೇಳಿದ್ದನ್ನು ಮಗಳಿಗೆ ಹಾಗೇ ಅನ್ವಯಿಸಿದರೆ ತಪ್ಪು ದಾರಿ ಹಿಡಿದಂತೆ. ಕಡೂರಿನ ವೇದಾ ಕೃಷ್ಣಮೂರ್ತಿ ಅವರನ್ನೇ ನೋಡಿ. 2011ರಲ್ಲಿ ಡರ್ಬಿಯಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಪಂದ್ಯದಲ್ಲೇ 51. ಅದೇ ಡರ್ಬಿಯಲ್ಲಿ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 45 ಎಸೆತಕ್ಕೆ 70, ಗೆದ್ದರೆ ಮಾತ್ರ ಸೆಮಿಫೈನಲ್ ಎಂಬ ಪಂದ್ಯದಲ್ಲಿ. ದೇಶದ ಪರ 48 ಏಕದಿನ, 76 ಟಿ20. ಟೆಸ್ಟ್ ಒಂದೂ ಇಲ್ಲ.

ಯಾಕೆಂದರೆ ಇದ್ದದ್ದೇ ಅಷ್ಟು. ಭಾರತದ ಮಹಿಳೆಯರು 2014ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಟೆಸ್ಟ್ ಆಡಿ ಗೆದ್ದರು, ಅದೂ ನಮ್ಮ ಪಕ್ಕದ ಮೈಸೂರಿನ ಅದೇ ಗಂಗೋತ್ರಿ ಗ್ಲೇಡ್ಸ್‌ನಲ್ಲಿ. ಮುಂದಿನ ಟೆಸ್ಟ್ ಆಡಿದ್ದು 2021ರ ಜೂನ್‌ನಲ್ಲಿ, ಬ್ರಿಸ್ಟಲ್‌ನಲ್ಲಿ. ನಡುವೆ ಆರೂವರೆ ವರ್ಷ. ಒಬ್ಬ ಆಟಗಾರ್ತಿಯ ಒಳ್ಳೆಯ ವಯಸ್ಸೆಲ್ಲ ಆ ಬಿಡುವಿನಲ್ಲೇ ಕಳೆದುಹೋಗುತ್ತದೆ. ಜಾವಗಲ್‌ನಿಂದ ಕಡೂರು ಅಷ್ಟೇನೂ ದೂರವಿಲ್ಲ. ಶ್ರೀನಾಥ್ 67 ಟೆಸ್ಟ್ ಆಡಿದರು, ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ 2003ರ ಮಾರ್ಚ್ 23ರ ವಿಶ್ವಕಪ್ ಫೈನಲ್. ಅದೇ ವರ್ಷದ ಜೂನ್‌ನಲ್ಲಿ ಇಂಗ್ಲೆಂಡ್ ಕೌಂಟಿಗಳು ಟಿ20 ಶುರು ಮಾಡಿದವು. ಅವರಿಗೆ ಟಿ20 ಸಿಗಲಿಲ್ಲ, ವೇದಾಗೆ ಟೆಸ್ಟ್ ಸಿಗಲಿಲ್ಲ. ಇಬ್ಬರ ಪ್ರತಿಭೆಗೂ ಇದಕ್ಕೂ ಸಂಬಂಧವಿಲ್ಲ. ಅವರವರ ಕಾಲದಲ್ಲಿ ಯಾವ ಬಾಗಿಲು ತೆರೆದಿತ್ತು ಎಂಬುದಷ್ಟೇ.

ಈಗ ಹೆಣ್ಣುಮಕ್ಕಳಿಗೆ ತೆರೆದಿರುವುದು ಚಿಕ್ಕ ಆಟದ ಬಾಗಿಲು. 19ರೊಳಗಿನ ಹೆಣ್ಣುಮಕ್ಕಳ ವಿಶ್ವಕಪ್ ಟಿ20ಯದ್ದೇ, 2023ರಲ್ಲೂ 2025ರಲ್ಲೂ ನಮ್ಮವರೇ ಗೆದ್ದರು. 2023ರಿಂದ ಹೆಣ್ಣುಮಕ್ಕಳ ಐಪಿಎಲ್ ಅನ್ನಬಹುದಾದ ಡಬ್ಲ್ಯುಪಿಎಲ್ ಇದೆ. 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಏಕದಿನ ವಿಶ್ವಕಪ್ ಗೆದ್ದ ಮರುದಿನ ನನ್ನ ಹತ್ತಿರ ಮೂವರು ಹುಡುಗಿಯರು ಬಂದು ಸೇರಿದರು, ಒಬ್ಬಳು ಬೇಲೂರಿನಿಂದ. ಅವಳ ಅಮ್ಮನಿಗೆ ನಾನು ನೇರವಾಗಿ ಹೇಳಿದೆ: "ಟಿ20, 50 ಓವರ್ ಇವೆರಡಕ್ಕೇ ತಯಾರಿ ಮಾಡ್ಸೋಣ ಅಮ್ಮ. ಫೀಲ್ಡಿಂಗ್ ಮೊದಲು, ಓಡೋದು ಮೊದಲು, ಎತ್ತಿ ಹೊಡೆಯೋದನ್ನ ಹೆದರದೆ ಕಲೀಲಿ." ದೀರ್ಘ ಆಟವನ್ನು ಅಷ್ಟು ಪ್ರೀತಿಸುವವನು ನಾನು, ಆದರೂ ಅವಳಿಗೆ ಬೇರೆ ಸಲಹೆ ಕೊಡಲು ಮನಸ್ಸು ಒಪ್ಪಲಿಲ್ಲ. ಇಲ್ಲದ ಏಣಿಯನ್ನು ಮಗುವಿಗೆ ತೋರಿಸಬಾರದು.

ದುಡ್ಡಿನ ಮಾತು

ಐಪಿಎಲ್ ಹರಾಜಿನಲ್ಲಿ ಅತಿ ಕಡಿಮೆ ಮೂಲಬೆಲೆ 30 ಲಕ್ಷ. 10 ತಂಡ, ತಂಡಕ್ಕೆ ಹೆಚ್ಚೆಂದರೆ 25 ಜನ, ಅದರಲ್ಲಿ 8 ಜನ ವಿದೇಶದವರು ಇರಬಹುದು. ಇಡೀ ದೇಶಕ್ಕೆ ಉಳಿಯುವುದು 170ರ ಆಸುಪಾಸು ಜಾಗ. ರಣಜಿಯಲ್ಲಿ 38 ತಂಡಗಳಿವೆ. 2021ರಲ್ಲಿ ದೇಶದ ಕ್ರಿಕೆಟ್ ಮಂಡಳಿ ಬಿಸಿಸಿಐ ಹೇಳಿದ ಲೆಕ್ಕದಂತೆ ಹೊಸಬನಿಗೂ ಆಡುವ ಹನ್ನೊಂದರಲ್ಲಿದ್ದರೆ ದಿನಕ್ಕೆ 40,000 ರೂಪಾಯಿ, 40 ಪಂದ್ಯ ದಾಟಿದವನಿಗೆ 60,000. ನಾಲ್ಕು ದಿನದ ಏಳು ಪಂದ್ಯ ಆಡಿದ ಹೊಸಬನಿಗೆ 11 ಲಕ್ಷ 20 ಸಾವಿರ. ಇದು ಸಣ್ಣ ಮೊತ್ತವಲ್ಲ, ಆದರೆ ಅಲ್ಲಿಗೆ ತಲುಪುವವರೂ ಬೆರಳೆಣಿಕೆ. ಟೆನಿಸ್ ಬಾಲ್ ಟೂರ್ನಿಯ ಬಹುಮಾನ ಹನ್ನೊಂದು ಜನ ಹಂಚಿಕೊಂಡು, ಗಾಡಿಯ ಡೀಸೆಲ್ ಕಳೆದರೆ ಊಟದ ಖರ್ಚು ಹುಟ್ಟುತ್ತದೆ. ಯಾವ ದಾರಿಯನ್ನೂ ಸಂಪಾದನೆಗೆಂದು ಹಿಡಿಸಬೇಡಿ, ಓದು ಬಿಡಿಸಬೇಡಿ.

ಖರ್ಚಿನ ವಿಷಯದಲ್ಲಿ ಲೆದರ್ ಬಾಲ್ ಭಾರವೇ. ಮೊದಲ ಎರಡು ವರ್ಷ ಕಾಶ್ಮೀರಿ ವಿಲ್ಲೋ ಮರದ ಬ್ಯಾಟು ಸಾಕು. ಇಂಗ್ಲಿಷ್ ವಿಲ್ಲೋ ಕೊಡಿಸುವ ಆಸೆ ತಡೆದುಕೊಳ್ಳಿ, ಮಗು ಬೆಳೆಯುತ್ತದೆ, ಬ್ಯಾಟು ಬೆಳೆಯುವುದಿಲ್ಲ. ಪ್ಯಾಡು ಹಳೆಯದಾದರೂ ನಡೆಯುತ್ತದೆ. ಹೆಲ್ಮೆಟ್ ಮಾತ್ರ ಹೊಸದು, ತಲೆಗೆ ಸರಿಯಾಗಿ ಕೂರುವಂಥದ್ದು.

ಇನ್ನು ಇಪ್ಪತ್ತೈದು ದಾಟಿ, ಕೆಲಸ ಸಂಸಾರ ಎಂದು ನಿಂತವರಿಗೆ ನನ್ನ ಓಟು ಚಿಕ್ಕ ಆಟಕ್ಕೇ. ವಾರಕ್ಕೊಮ್ಮೆ ಎರಡು ಗಂಟೆ, ಜೊತೆಗೆ ಹಳೆಯ ಗೆಳೆಯರು. ನೋಡುವವರಿಗೆ ಎರಡೂ ಇರಲಿ. ರಾತ್ರಿ ಐಪಿಎಲ್ ಮನೆಯಲ್ಲಿ, ಮೈಸೂರಿಗೋ ಶಿವಮೊಗ್ಗಕ್ಕೋ ರಣಜಿ ಪಂದ್ಯ ಬಂದರೆ ಬುತ್ತಿ ಕಟ್ಟಿಕೊಂಡು ಮಕ್ಕಳ ಜೊತೆ ಒಂದು ದಿನ ಅಲ್ಲಿ.

ಎರಡನೇ ಇನಿಂಗ್ಸ್

ಹತ್ತರಿಂದ ಹದಿನಾರರ ಹುಡುಗರಿಗೆ ದೊಡ್ಡ ಆಟವನ್ನೇ ಆರಿಸಿ ಎಂದು ನಾನು ಹೇಳುವುದಕ್ಕೆ ಏಣಿ, ಭುಜ ಎಲ್ಲಕ್ಕಿಂತ ಮುಖ್ಯ ಕಾರಣ ಒಂದಿದೆ. ಅದರಲ್ಲಿ ಎರಡು ಸಲ ಬ್ಯಾಟ್ ಮಾಡಬಹುದು. ಎಂಟು ಓವರಿನ ಪಂದ್ಯದಲ್ಲಿ ಮೊದಲ ಎಸೆತಕ್ಕೆ ಔಟಾದವನು ಆ ರಾತ್ರಿಗೆ ಔಟೇ. ಮನೆಗೆ ಹೋಗಿ ಮುಸುಕು ಹಾಕಿಕೊಂಡು ಮಲಗುತ್ತಾನೆ. ಮುಂದಿನ ಟೂರ್ನಿಗೆ ಅವನನ್ನು ಕರೆಯದಿದ್ದರೂ ಇರಬಹುದು.

ಹಾಗಾಗಿ ನಾವು ಹಾಸನದ ಕೆಲವರು, ಚಿಕ್ಕಮಗಳೂರಿನ ಕೆಲವರು ಸೇರಿ ಶನಿವಾರ ಭಾನುವಾರಕ್ಕೆ ಹೊಂದುವ ಎರಡು ದಿನದ ಪಂದ್ಯ ಆಡಿಸುತ್ತೇವೆ. ಒಂದು ಇನಿಂಗ್ಸ್‌ಗೆ 40 ಓವರಿನ ಮಿತಿ, ಎರಡೂ ತಂಡಕ್ಕೆ ಎರಡೆರಡು ಇನಿಂಗ್ಸ್. ಕುಯ್ಲಿನ ತಿಂಗಳುಗಳಲ್ಲೂ ಇದು ನಡೆಯುತ್ತದೆ, ಶನಿವಾರದ ಆಟ ಮಧ್ಯಾಹ್ನಕ್ಕೆ ಶುರುವಾಗಿ ಭಾನುವಾರ ಬೆಳಗಿನಿಂದ ಸಂಜೆವರೆಗೆ. ಬೆಳಕು ಸಾಲದಿದ್ದರೆ ಉಳಿದದ್ದು ಉಳಿದಂತೆ, ಪಂದ್ಯ ಡ್ರಾ. ನಿಮ್ಮ ಊರಿನಲ್ಲಿ ಇಪ್ಪತ್ತೆರಡು ಮಕ್ಕಳು, ಒಂದು ಮ್ಯಾಟು, ಎರಡು ದಿನ ನಿಲ್ಲಲು ಒಪ್ಪುವ ಇಬ್ಬರು ದೊಡ್ಡವರು ಇದ್ದರೆ ನೀವೂ ಆಡಿಸಬಹುದು.

ಕಳೆದ ಜನವರಿಯ ಒಂದು ಪಂದ್ಯ. ಭಾನುವಾರ ಬೆಳಿಗ್ಗೆ ಏಳಕ್ಕೆ ಮ್ಯಾಟ್ ಹಾಸುತ್ತಿದ್ದೆವು. ಇಬ್ಬನಿಗೆ ನಾರು ನೆನೆದು ಭಾರವಾಗಿತ್ತು. ನಾಲ್ಕು ಜನ ಒಂದು ತುದಿ ಎಳೆದು ಹಿಡಿದರೆ ಒಬ್ಬ ಸುತ್ತಿಗೆಯಿಂದ ಮೊಳೆ ಬಡಿಯಬೇಕು. ಎಲ್ಲಾದರೂ ಸಡಿಲ ಬಿಟ್ಟರೆ ಅಲ್ಲಿ ಚೆಂಡು ಬಿದ್ದು ಏನಾಗುತ್ತದೆಂದು ಹೇಳಲಾಗದು. ಎಳೆಯುತ್ತಿದ್ದವರಲ್ಲಿ ಆರನೇ ಕ್ಲಾಸಿನ ಒಬ್ಬ ಹುಡುಗ ಮಾತೇ ಆಡುತ್ತಿರಲಿಲ್ಲ. ಹಿಂದಿನ ದಿನ ಅವನು ಮೊದಲ ಎಸೆತಕ್ಕೇ ಬೌಲ್ಡ್ ಆಗಿದ್ದ, ಅದೇ ಕಾಲು ತೆಗೆದು ಎತ್ತುವ ಹೊಡೆತಕ್ಕೆ. ಮೊಳೆ ಬಡಿದು ಮುಗಿದಮೇಲೆ ಅವನೊಬ್ಬನೇ ಅಲ್ಲೇ ಕೂತು, ಒಳ್ಳೆಯ ಎಸೆತ ಬೀಳುವ ಗುಡ್ ಲೆಂಗ್ತ್ ಹತ್ತಿರ ಮ್ಯಾಟನ್ನು ಅಂಗೈಯಿಂದ ಒತ್ತಿ ಒತ್ತಿ ನೋಡುತ್ತಿದ್ದ. ಹತ್ತಿರ ಹೋದೆ.

"ಏನ್ ನೋಡ್ತಿದ್ದೀಯ ಮಗ?"

"ಇಲ್ಲಿ ಬಿದ್ರೆ ಎಷ್ಟ್ ಏಳುತ್ತೆ ಅಂತ, ಸಾರ್."

ಅವನ ಸರದಿ ಬಂದದ್ದು ಹನ್ನೊಂದು ಗಂಟೆಗೆ. ಮೊದಲ ಹದಿನೈದು ಎಸೆತ ಒಂದೂ ರನ್ ಇಲ್ಲ. ಎದುರಿನವರು "ಹೊಡಿ, ಹೊಡಿ" ಎಂದು ಕೆಣಕುತ್ತಿದ್ದರು, ಅವನು ಮುಂದಿನ ಕಾಲನ್ನು ಚೆಂಡಿನ ಹತ್ತಿರಕ್ಕೆ ಇಟ್ಟು ಬ್ಯಾಟನ್ನು ನೆಟ್ಟಗೆ ತರುತ್ತಿದ್ದ. ಹೊರಗೆ ಹೋಗುವುದನ್ನು ಬಿಟ್ಟ. ಊಟದ ಬಿಡುವಿನಲ್ಲಿ ಅವನ ಅಮ್ಮ ತಂದಿದ್ದ ಅಕ್ಕಿ ರೊಟ್ಟಿಯನ್ನು ಪ್ಯಾಡು ಬಿಚ್ಚದೇ ತಿಂದ. ಮತ್ತೆ ಹೋಗಿ ನಿಂತ. ಔಟಾಗುವ ಹೊತ್ತಿಗೆ 94 ಎಸೆತ ಆಗಿತ್ತು, ರನ್ 31. ಒಂದೂ ಸಿಕ್ಸ್ ಇಲ್ಲ, ಬೌಂಡರಿ ಮೂರು.

"ಸಿಕ್ಸ್ ಹೊಡೆಯೋದ್ ಹೇಳ್ಕೊಟ್ರೆ ಸಾಕು" ಎಂದಿದ್ದರಲ್ಲ, ಈ ಹುಡುಗ ಅವರ ಮಗ. ಅಂದು ಅವರು ಬೆಳಗಿನಿಂದ ಸ್ಕೋರ್ ಪುಸ್ತಕದ ಪಕ್ಕದಲ್ಲಿ ಕೂತಿದ್ದರು. ಸಂಜೆ ಮೊಳೆ ಕಿತ್ತು ಮ್ಯಾಟ್ ಸುತ್ತುವಾಗ ಅಂಗಿಯ ತೋಳು ಮಡಿಸಿಕೊಂಡು ಬಂದು ಒಂದು ತುದಿಗೆ ಕೈ ಕೊಟ್ಟರು. "ಮುಂದಿನ ಎರಡು ದಿನದ ಮ್ಯಾಚ್ ಯಾವಾಗ ಸಾರ್?" ಎಂದು ಕೇಳಿದರು. ಫೆಬ್ರವರಿ ಎರಡನೇ ವಾರ, ಚಿಕ್ಕಮಗಳೂರಿನಲ್ಲಿ, ಎಂದೆ. ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿ ಕೈಮೇಲೆ ಬರೆದುಕೊಂಡರು.